ಬೊಂಬಾಯಿ ಮಾಮನ ಮಹಾಭಾರತ

ಮಂಗಳೂರಿನ ಕಂಕನಾಡಿಯ ಒಂದು ಚಾವಡಿಯಲ್ಲಿ ಹದಿನೈದು ಜನ ಕೂತರೆಂದರೆ ನಾಲ್ಕು ಭಾಷೆ ಕೂತಿತೆಂದೇ ಲೆಕ್ಕ. ಟಿವಿ ಇದ್ದ ಮನೆಯವರದು ಕೊಂಕಣಿ, ಪಕ್ಕದವರದು ತುಳು, ಎದುರಿನ ಜೀನಸು ಅಂಗಡಿಯವರದು ಬ್ಯಾರಿ, ಮಾಸ್ತರರ ಮನೆಯಲ್ಲಿ ಕನ್ನಡ. ಪರಸ್ಪರ ಮಾತಾಡುವುದೆಲ್ಲ ತುಳುವಿನಲ್ಲಿ. ಮಕ್ಕಳಿಗೆ ಬೈಯುವಾಗ ಮಾತ್ರ ಅವರವರ ಭಾಷೆ. ಇಷ್ಟು ಜನರ ಎದುರಿಗಿದ್ದ ಪೆಟ್ಟಿಗೆ ಆಡುತ್ತಿದ್ದುದು ಇವುಗಳಲ್ಲಿ ಒಂದೂ ಅಲ್ಲದ ಐದನೆಯ ಭಾಷೆಯನ್ನು. 1988ರ ಅಕ್ಟೋಬರ್ 2ರಂದು ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಶುರುವಾದಾಗ, ಫಾದರ್ ಮುಲ್ಲರ್ ಆಸ್ಪತ್ರೆಯ ಹಿಂದಿನ ನಮ್ಮ ಓಣಿಯಲ್ಲಿ ಹಿಂದಿ ಬಲ್ಲವರು ಒಬ್ಬರೇ ಇದ್ದರು.

ಒಂದು ದಶಕದ ನೆಚ್ಚಿನ ಧಾರಾವಾಹಿಗಳನ್ನು ಹೇಳು ಎಂದರೆ ನನ್ನ ದಶಕ ಅಲ್ಲಿಂದಲೇ ಶುರು. ಕ್ಯಾಲೆಂಡರಿನವರು ಸೊನ್ನೆಯಿಂದ ಸೊನ್ನೆಗೆ ಎಣಿಸಲಿ. ನನ್ನದು 'ಮಹಾಭಾರತ'ದಿಂದ 'ಮಾಯಾಮೃಗ'ದವರೆಗೆ, 1988ರಿಂದ 1998.

ಹಿಂದಿ ಬಲ್ಲ ಆ ಒಬ್ಬರು ಬೊಂಬಾಯಿ ಮಾಮ. ಚಿಕ್ಕ ಹುಡುಗನಾಗಿದ್ದಾಗಲೇ ಬೊಂಬಾಯಿಗೆ ಓಡಿಹೋದವರು. ಕೆಲಸ ಸಿಗದೆ ಅಲೆಯುತ್ತಿದ್ದಾಗ ಕೋಟೆ ಭಾಗದ ಒಬ್ಬ ಹೋಟೆಲಿನವರು ಒಳಗೆ ಕರೆದು, ಎಲೆ ಹಾಕಿ, ಉಂಡ ಮೇಲೆ ಹೆಸರು ಕೇಳಿದರಂತೆ. ಅಲ್ಲೇ ಲೋಟ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಗಲ್ಲೆಯಲ್ಲಿ ಕೂರುವಷ್ಟಾಗಿ, ಕಡೆಗೆ ಊರಿಗೆ ಮರಳಿದ್ದರು. ದಕ್ಷಿಣ ಕನ್ನಡದ ಪ್ರತಿ ಓಣಿಗೂ ಇಂಥ ಒಬ್ಬ ಮಾಮ ಇದ್ದೇ ಇರುತ್ತಿದ್ದ. ಊರಲ್ಲಿ ಅವರ ಬೊಂಬಾಯಿ ಜ್ಞಾನಕ್ಕೆ ಅದುವರೆಗೆ ಹೇಳಿಕೊಳ್ಳುವ ಉಪಯೋಗವಿರಲಿಲ್ಲ. ದೂರದರ್ಶನ ಅದನ್ನು ಒದಗಿಸಿತು.

ಕನ್ನಡಕ್ಕೆ ಡಬ್ ಮಾಡಿ ತೋರಿಸಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಅದು ಆಗದ ಮಾತಾಗಿತ್ತು. ಅರವತ್ತರ ದಶಕದಲ್ಲಿ ಅನಕೃ, ರಾಜಕುಮಾರ್ ಮೊದಲಾದವರು ಡಬ್ಬಿಂಗ್ ವಿರುದ್ಧ ನಿಂತ ಮೇಲೆ ಕನ್ನಡಕ್ಕೆ ಆ ಬಾಗಿಲು ಮುಚ್ಚಿತ್ತು. ಕಾನೂನಿನಲ್ಲಿ ಬರೆಯದಿದ್ದರೂ ಕಾನೂನಿಗಿಂತ ಗಟ್ಟಿಯಾಗಿತ್ತು. ಸ್ಪರ್ಧಾ ಆಯೋಗ ಅದನ್ನು ತಪ್ಪೆಂದು ಹೇಳಿದ್ದು 2015ರಲ್ಲಿ. ಆ ವಾದದ ಸರಿತಪ್ಪು ಬೇರೆ ವಿಷಯ. ನಮ್ಮ ಓಣಿಯ ಮಟ್ಟಿಗೆ ಡಬ್ಬಿಂಗ್ ಇಲ್ಲದ್ದರಿಂದ ಬೊಂಬಾಯಿ ಮಾಮ ಇದ್ದರು.

ಟಿವಿಯ ಯಜಮಾನಿ ಬಾಯಮ್ಮ. ಅವರ ಗಂಡ ಕುವೈತಿನಲ್ಲಿ. ಟಿವಿ ಬಂದದ್ದೂ ಅಲ್ಲಿಂದಲೇ. ಆದಿತ್ಯವಾರ ಬೆಳಿಗ್ಗೆ ಬೇಗನೆ ಇಗರ್ಜಿಗೆ ಹೋಗಿ, ಮೀಸ್ ಮುಗಿಸಿ ಬಂದು, ಮಾರ್ಕೆಟಿನಿಂದ ತಂದ ಬೂತಾಯಿಯನ್ನು ಹಿಂದಿನ ಜಗಲಿಯಲ್ಲಿಟ್ಟು ಅವರು ಬಾಗಿಲು ತೆರೆಯುತ್ತಿದ್ದರು. ನಾವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ನುಗ್ಗುತ್ತಿದ್ದೆವು. ಕಾಲಚಕ್ರ ತಿರುಗಿ, ಹರೀಶ್ ಭಿಮಾನಿಯವರ ದನಿ ತಾನು ಕಾಲ ಎಂದು ಹೇಳಿಕೊಳ್ಳುವ ಹೊತ್ತಿಗೆ ಮಾಮ ಬೆತ್ತದ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡಾಗಿರುತ್ತಿತ್ತು.

ಒಂದು ತೊಡಕಿತ್ತು. ಮಾಮನದು ಬೊಂಬಾಯಿ ಹಿಂದಿ. ರಾಹಿ ಮಾಸೂಮ್ ರಜಾ ಬರೆದ ಸಂಭಾಷಣೆಯ ತುಂಬ ಸಂಸ್ಕೃತ. ಪ್ರತಿಜ್ಞೆ, ವಚನ, ಕರ್ತವ್ಯ, ಅಧಿಕಾರ ಎಂಬ ಮಾತುಗಳು ಬಂದಾಗ ಮಾಮ ಸುಮ್ಮನಾಗುತ್ತಿದ್ದರು, ಹಿಂದಿಯ ಗಂಧವಿಲ್ಲದ ಮಾಸ್ತರರು ತಲೆದೂಗುತ್ತಿದ್ದರು. ಕ್ರಿಯಾಪದ ಬಂದಾಗ ಮಾಸ್ತರರು ಸುಮ್ಮನಾಗಿ ಮಾಮ ಎದ್ದು ಕೂರುತ್ತಿದ್ದರು. ನಾಮಪದಕ್ಕೆ ಒಬ್ಬರು, ಕ್ರಿಯಾಪದಕ್ಕೆ ಒಬ್ಬರು. ಇಬ್ಬರೂ ಒಪ್ಪಿದರೆ ಒಂದು ವಾಕ್ಯ. ಒಪ್ಪುವುದು ಅಪರೂಪ. ಭೀಷ್ಮ ಒಂದು ಸಾಲು ಹೇಳಿದ್ದಕ್ಕೆ ಮಾಮ ಐದು ನಿಮಿಷ ಅರ್ಥ ಹೇಳಿ, ಅಷ್ಟರಲ್ಲಿ ಭೀಷ್ಮ ಹೇಳಿದ ಮುಂದಿನದ್ದೆಲ್ಲ ಮುಳುಗಿಹೋಗುತ್ತಿತ್ತು. ಇನ್ನೊಮ್ಮೆ ಕೃಷ್ಣ ಉದ್ದಕ್ಕೆ ಮಾತಾಡಿದ. ಎಲ್ಲರೂ ಮಾಮನ ಕಡೆ ತಿರುಗಿದೆವು. "ಆಗುದಿಲ್ಲ ಅಂತ ಹೇಳುದು" ಎಂದರು, ಅಷ್ಟೇ.

ಅರ್ಥ ಹೇಳುವುದು ಎಂಬ ಮಾತನ್ನು ಬೇಕೆಂದೇ ಬಳಸಿದೆ. ನಮ್ಮ ಕಡೆ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಅದರ ಮೇಲೆ ಆಗಿಂದಾಗ್ಗೆ ಮಾತು ಕಟ್ಟುತ್ತಾನೆ. ಪದ ಎಲ್ಲರಿಗೂ ಗೊತ್ತಿದ್ದದ್ದೇ. ಜನ ಬರುವುದು ಈ ಸಲ ಇವರು ಏನು ಹೇಳುತ್ತಾರೆಂದು ಕೇಳಲಿಕ್ಕೆ. ಶೇಣಿ ಗೋಪಾಲಕೃಷ್ಣ ಭಟ್ಟರ ಕೌರವನನ್ನೋ ವಾಲಿಯನ್ನೋ ಕೇಳಿ ಬೆಳೆದ ಕಿವಿಗಳು ಆದಿತ್ಯವಾರ ಬಾಯಮ್ಮನ ಚಾವಡಿಗೆ ಬರುತ್ತಿದ್ದವು. ದೇಶದ ಬೇರೆ ಕಡೆ ಟಿವಿಗೆ ಆರತಿ ಎತ್ತುತ್ತಿದ್ದರಂತೆ. ನಮ್ಮಲ್ಲಿ ಮಾರ್ಕು ಕೊಡುತ್ತಿದ್ದರು. ನಿತೀಶ್ ಭಾರದ್ವಾಜ್ ನಗುತ್ತಾನೆ, ಆದರೆ ವಾದ ತೆಳು. ಗುಫಿ ಪೇಂಟಲ್‌ನ ಶಕುನಿ ಅಡ್ಡಿಯಿಲ್ಲ, ಕಣ್ಣಲ್ಲಿ ಕೆಲಸ ಉಂಟು. ಪುನೀತ್ ಇಸ್ಸಾರ್‌ನ ದುರ್ಯೋಧನ ಮಾತ್ರ ಯಾರಿಗೂ ಒಗ್ಗಲಿಲ್ಲ. ಬರೀ ಕೂಗಾಡುತ್ತಾನೆ ಎಂಬುದು ದೂರು. ಕರಾವಳಿಯಲ್ಲಿ ಕೌರವ ಎಂದರೆ ಖಳನಲ್ಲ, ಛಲವನ್ನು ತರ್ಕದಿಂದ ಗೆಲ್ಲಿಸಬಲ್ಲವನು. ಅವನಿಗೆ ನ್ಯಾಯ ಸಿಕ್ಕಲಿಲ್ಲ ಎಂದು ಜೀನಸು ಅಂಗಡಿಯ ಬ್ಯಾರಿಯೂ ಹೇಳಿದರು. ಅವರು ಶೇಣಿಯವರ ಬಪ್ಪ ಬ್ಯಾರಿಯ ವೇಷ ನೋಡಿದವರು. ಅಭಿಪ್ರಾಯಕ್ಕೆ ತೂಕ ಇತ್ತು. ಮಕ್ಕಳಾದ ನಮಗೆ ಉಳಿದದ್ದು ಪಿತಾಶ್ರೀ, ಮಾತಾಶ್ರೀ. ಐಸ್‌ಕ್ಯಾಂಡಿಗೆ ದುಡ್ಡು ಕೇಳುವಾಗ ಅದು ಕೆಲವು ವಾರ ಕೆಲಸ ಮಾಡಿತು.

'ಮಹಾಭಾರತ' 1990ರ ಜೂನ್ 24ಕ್ಕೆ ಮುಗಿಯಿತು. ಆರು ವಾರವಾಗುವ ಮೊದಲೇ, ಆಗಸ್ಟ್ 2ರಂದು, ಇರಾಕ್ ಕುವೈತಿನ ಒಳಗೆ ನುಗ್ಗಿತು. ನೆಚ್ಚಿನ ಕಾರ್ಯಕ್ರಮಗಳ ಪಟ್ಟಿಯಲ್ಲಿ ವಾರ್ತೆಯನ್ನು ಯಾರೂ ಬರೆಯುವುದಿಲ್ಲ. ಆದರೆ ಆ ದಶಕದಲ್ಲಿ ನಾವು ಕಣ್ಣು ಪಿಳುಕಿಸದೆ ನೋಡಿದ್ದು ಅದನ್ನೇ. ಮಂಗಳೂರಿನ ಎಷ್ಟೋ ಮನೆಗಳಲ್ಲಿ ಕೊಲ್ಲಿಯಿಂದ ಬರಬೇಕಾದ ಕಾಗದ, ಫೋನು ಎರಡೂ ನಿಂತಿದ್ದವು. ಬಾಯಮ್ಮನ ಚಾವಡಿಗೆ ರಾತ್ರಿಯೂ ಜನ ಬರತೊಡಗಿದರು. ಕರೆಯದೆ, ಊಟ ಅರ್ಧಕ್ಕೆ ಬಿಟ್ಟು. ಹಿಂದಿ ವಾರ್ತೆ ಆಗುವಾಗ ಬೊಂಬಾಯಿ ಮಾಮ ತುಟಿ ಬಿಚ್ಚುತ್ತಿರಲಿಲ್ಲ. ಅರ್ಥ ಹೇಳಿ ಎಂದು ಯಾರೂ ಕೇಳಲೂ ಇಲ್ಲ. ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು ಎರಡು ತಿಂಗಳ ಕಾಲ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹೊತ್ತು ತಂದವು. ಬಾಯಮ್ಮನ ಗಂಡನೂ ಹಾಗೆ ಬಂದರು, ಒಂದು ಕೈಚೀಲದೊಂದಿಗೆ. ಅದಾದ ಮೇಲೆ ಬಹಳ ಕಾಲ ಆ ಮನೆಯಲ್ಲಿ ವಾರ್ತೆಯ ಸಂಗೀತ ಬಂದ ಕೂಡಲೇ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಉಳಿದ ಯಾವ ಕಾರ್ಯಕ್ರಮಕ್ಕೂ ಅವರ ತಕರಾರಿರಲಿಲ್ಲ.

ಅದೇ ಸುಮಾರಿಗೆ ಬಂದದ್ದು ಸದಾನಂದ ಸುವರ್ಣರ 'ಗುಡ್ಡದ ಭೂತ'. ಹದಿಮೂರು ಕಂತು, ಅಷ್ಟೇ. ಸುವರ್ಣರು ಮುಲ್ಕಿಯವರು, ಮುಂಬಯಿಯ ರಂಗಭೂಮಿಯಲ್ಲಿ ಪಳಗಿದವರು, ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ಕ್ಕೆ ನಿರ್ಮಾಪಕರು. ಬೊಂಬಾಯಿ ಮಾಮನಿಗೆ ಇಷ್ಟು ಸಾಕಿತ್ತು. ನಮ್ಮವ ಎಂದು ಮೊದಲ ಕಂತಿಗೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಡೆನ್ನಾನ ಡೆನ್ನಾನ ಎಂದು ಶೀರ್ಷಿಕೆಯ ಹಾಡು ಶುರುವಾದಾಗ ಚಾವಡಿಯಲ್ಲಿ ಒಂದು ವಿಚಿತ್ರ ನಾಚಿಕೆ ಹಬ್ಬಿತು. ನಾಟಿ ಗದ್ದೆಯಲ್ಲಿ, ಕೋಲದ ಅಂಗಳದಲ್ಲಿ ಇರಬೇಕಾದ ದನಿ ದೆಹಲಿಯ ಪೆಟ್ಟಿಗೆಯೊಳಗಿಂದ ಬರುತ್ತಿದೆ! ನಮ್ಮ ಮನೆಯವರನ್ನು ದೊಡ್ಡವರ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ಆಗುವ ಮುಜುಗರ ಅದು. ಆಮೇಲೆ ಹೆದರಿಕೆ. ಮಾಲ್ಗುಡಿಯ ಸ್ವಾಮಿಯನ್ನು ಆಗುಂಬೆಯಲ್ಲೇ ಚಿತ್ರೀಕರಿಸಿದ್ದರೂ ಅವನು ಮಾತಾಡುವುದು ಹಿಂದಿ, ಊರೂ ಕಲ್ಪನೆಯದು. ಇದು ಹಾಗಲ್ಲ. ಗುಡ್ಡ, ಕತ್ತಲೆ, ಓಲೆಯ ಸಪ್ಪಳ ಎಲ್ಲ ಗುರುತಿನವು. ಮುಗಿದ ಮೇಲೆ ಪಂಪ್‌ವೆಲ್ ಕಡೆಗೆ ನಡೆದು ಹೋಗಬೇಕಾದವರು ಜೊತೆಗೆ ಯಾರು ಬರುತ್ತೀರಿ ಎಂದು ಕೇಳುತ್ತಿದ್ದರು. ತರುಣ ಪ್ರಕಾಶ್ ರೈ ಅದರಲ್ಲಿ ನಟಿಸಿದ್ದರು. ಮುಂದೆ ಅವರು ಪ್ರಕಾಶ್ ರಾಜ್ ಆದಾಗ ಓಣಿಯವರೆಲ್ಲ ತಾವೇ ಕಂಡುಹಿಡಿದಂತೆ ಮಾತಾಡಿದರು. 2015ರಲ್ಲಿ 'ರಂಗಿತರಂಗ' ಆ ಹಾಡನ್ನು ಮತ್ತೆ ಎತ್ತಿಕೊಂಡಿತು. ಈಗಿನ ಹುಡುಗರು ಅದು ರಂಗಿತರಂಗದ್ದೇ ಎನ್ನುತ್ತಾರೆ. ಅವರೊಡನೆ ವಾದಕ್ಕಿಳಿಯಲು ನನಗೆ ಯಾವತ್ತೂ ಪುರುಸೊತ್ತು ಇದ್ದೇ ಇರುತ್ತದೆ.

'ಸುರಭಿ' ಮಾಸ್ತರರ ಮನೆಯವರ ನೆಚ್ಚಿನ ಕಾರ್ಯಕ್ರಮ. ಪ್ರಶ್ನೆಗೆ ಉತ್ತರ ಬರೆದು ಕಳಿಸುವ ಕಾರ್ಡುಗಳ ರಾಶಿ ಎಷ್ಟು ಬೆಳೆಯಿತೆಂದರೆ ಅಂಚೆ ಇಲಾಖೆ ಸ್ಪರ್ಧೆಗೆಂದೇ ಬೆಲೆ ಹೆಚ್ಚಿನ ಬೇರೆ ಕಾರ್ಡು ತಂದಿತು. ನಮ್ಮ ಓಣಿಗೆ ಬಹುಮಾನವೇನೂ ಬರಲಿಲ್ಲ.

'ಚಂದ್ರಕಾಂತಾ'ಕ್ಕೆ ಅರ್ಥವೇ ಬೇಕಿರಲಿಲ್ಲ. ಕ್ರೂರ್ ಸಿಂಗ್ ಹುಬ್ಬು ಮೇಲೇರಿಸಿ ಯಕ್ಕೂ ಎಂದ ತಕ್ಷಣ ತುಳುವರಿಗೆಲ್ಲ ಅವನ ಜಾತಕ ತಿಳಿಯಿತು: ಇದು ಬಣ್ಣದ ವೇಷ. ರಂಗದ ಆಚೆಯಿಂದಲೇ ಆರ್ಭಟ ಕೊಟ್ಟು, ದೀವಟಿಗೆಯ ಎದುರು ಹುಬ್ಬು ಕುಣಿಸಿ, ಮಕ್ಕಳನ್ನು ಅಮ್ಮಂದಿರ ಸೆರಗಿನೊಳಗೆ ಓಡಿಸುವ ವೇಷ. ಕಥೆ ಎತ್ತ ಹೋಗುತ್ತಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಯಾರಿಗೂ ಅದರ ಚಿಂತೆಯೂ ಇರಲಿಲ್ಲ. ಕ್ರೂರ್ ಸಿಂಗ್ ಆಗಿ ಅಖಿಲೇಂದ್ರ ಮಿಶ್ರಾ ಬಂದರೆ ಸಾಕು. ಸೋಮವಾರ ಶಾಲೆಯಲ್ಲಿ ಯಕ್ಕೂ ಹೇಳಿ ಬೆಂಚಿನ ಮೇಲೆ ನಿಂತವರ ಸಾಲಿನಲ್ಲಿ ಕ್ರೈಸ್ತರು, ಬ್ಯಾರಿಗಳು, ಬಂಟರು, ಬಿಲ್ಲವರು ಎಲ್ಲ ಇದ್ದರು.

ತೊಂಬತ್ತರ ನಡುವೆ ತೆಂಗಿನ ಮರದಿಂದ ಮರಕ್ಕೆ ಕೇಬಲು ಹಾದು ಬಂತು. 1994ರ ಜೂನ್‌ನಲ್ಲಿ ಉದಯ ಟಿವಿ ಶುರುವಾಯಿತು. ಮನೆಗೊಂದು ಟಿವಿಯೂ ಬಂತು. ಬಾಯಮ್ಮನ ಚಾವಡಿಯ ಚಾಪೆಗಳು ಅಟ್ಟ ಸೇರಿದವು. ಕೇಬಲಿನವರು ತಮ್ಮದೇ ಒಂದು ಚಾನೆಲಿನಲ್ಲಿ ಒಮ್ಮೆ ರಾತ್ರಿಯಿಡೀ ಯಕ್ಷಗಾನ ತೋರಿಸಿದರು. ಇಷ್ಟು ದಿನ ಟಿವಿಯಲ್ಲಿ ಯಕ್ಷಗಾನ ಹುಡುಕುತ್ತಿದ್ದ ನಾವು ಯಕ್ಷಗಾನವೇ ಟಿವಿಗೆ ಬಂದಾಗ ಹನ್ನೊಂದು ಗಂಟೆಗೆ ಆಫ್ ಮಾಡಿ ಮಲಗಿದೆವು. ವೇಷ ಗೇಣುದ್ದ ಕಾಣುತ್ತಿತ್ತು, ಚೆಂಡೆ ಡಬ್ಬ ಬಡಿದಂತೆ ಕೇಳುತ್ತಿತ್ತು ಎಂಬುದು ಒಂದು ಕಾರಣ. ಅರ್ಥವನ್ನು ವೇಷಧಾರಿಗಳೇ ಪೂರ್ತಿ ಹೇಳಿಬಿಡುತ್ತಿದ್ದರು, ನಮಗೆ ಹೇಳಲು ಏನೂ ಬಿಡುತ್ತಿರಲಿಲ್ಲ ಎಂಬುದೂ ಕಾರಣವಿರಬಹುದು. ಅಷ್ಟರ ಮಟ್ಟಿಗೆ ನಾವು ಕೆಟ್ಟಿದ್ದೆವು.

1998ರಲ್ಲಿ 'ಮಾಯಾಮೃಗ'. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರು ಸೇರಿ ಮಾಡಿದ ಧಾರಾವಾಹಿ. ದೂರದರ್ಶನದಲ್ಲಿ, ದಿನಾಲೂ, ಕನ್ನಡದಲ್ಲಿ! ಆ ವರ್ಷ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲಾರಂಭಿಸಿ ಬೊಂಬಾಯಿ ಹತ್ತಿರವಾಗಿತ್ತು. ನಮ್ಮ ಬೊಂಬಾಯಿ ಮಾಮನಿಗೆ ಕೆಲಸವಿಲ್ಲದಾಯಿತು. ಆದರೂ ಅವರು ಸಂಜೆ ನಮ್ಮ ಮನೆಗೆ ಬಂದು ಕೂರುತ್ತಿದ್ದರು. ಬೆಂಗಳೂರಿನವರ ಕನ್ನಡ ತುಂಡು ತುಂಡು ಎಂದು ದೂರುತ್ತಿದ್ದರು. ಒಳ್ಳೆಯ ಮಾತು ಬಂದಾಗ ಅಭ್ಯಾಸಬಲದಿಂದ ನಮ್ಮ ಕಡೆ ತಿರುಗಿ ಬಾಯಿ ತೆರೆದು, ನಮಗೆ ಅರ್ಥವಾಗಿದೆಯೆಂದು ಕಂಡು, ಮುಚ್ಚುತ್ತಿದ್ದರು. ಮುಂದೆ ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟಿನ ವಾದಗಳು ಕರಾವಳಿಗೆ ಬಹಳ ಹಿಡಿಸಿದವು. ಹಿಡಿಸದೆ ಇರುವುದುಂಟೇ? ಎರಡು ಕಡೆ ಕೂತು ಮಾತಿಗೆ ಮಾತು ಕಟ್ಟುವುದನ್ನು ಇಲ್ಲಿಯವರು ಹಲವು ತಲೆಮಾರುಗಳಿಂದ ನಿದ್ದೆಗೆಟ್ಟು ಕೇಳುತ್ತಿದ್ದಾರೆ.

2020ರ ಮಾರ್ಚ್ ಕೊನೆಗೆ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ದೂರದರ್ಶನದ ಭಾರತಿ ಚಾನೆಲಿನಲ್ಲಿ ಚೋಪ್ರಾ ಅವರ 'ಮಹಾಭಾರತ' ಮತ್ತೆ ಬಂತು. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣದಲ್ಲಿ ಇನ್ನೊಂದು, ಹೊಸ ಕಾಲದ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿಯೇ ಬಂತು, ಜನ ಮುಗಿಬಿದ್ದು ನೋಡಿದರು. ನಾನು ಹಳೆಯದನ್ನು ನೋಡಿದೆ. ಈಗ ನನಗೆ ಹಿಂದಿ ಚೆನ್ನಾಗಿಯೇ ಬರುತ್ತದೆ. ಕಾಯುತ್ತಿದ್ದುದು ಒಂದೇ ದೃಶ್ಯಕ್ಕೆ: ಯುದ್ಧಕ್ಕೆ ಮೊದಲು ಕೃಷ್ಣ ಕರ್ಣನಿಗೆ ಅವನ ಹುಟ್ಟು ತಿಳಿಸಿ, ಪಾಂಡವರ ಕಡೆಗೆ ಬಾ ಎನ್ನುವುದು. ತಾಳಮದ್ದಳೆಯಲ್ಲಿ ಇದೇ 'ಕರ್ಣಭೇದನ'. ಅದಕ್ಕೆ ಪಂಕಜ್ ಧೀರ್‌ನ ಕರ್ಣ ಕೊಟ್ಟ ಉತ್ತರ ನನಗೆ ಬಾಯಿಪಾಠವಿತ್ತು. ಹೆತ್ತವಳು ಯಾರೆಂದು ಇವತ್ತು ಗೊತ್ತಾಯಿತು ಕೃಷ್ಣ, ಸಂತೋಷ. ಆದರೆ ಹಸಿದು ನಿಂತಾಗ ಹೆಸರು ಕೇಳುವ ಮೊದಲು ಎಲೆ ಹಾಕಿದವನನ್ನು ಬಿಟ್ಟು ಬರಲಿಕ್ಕಾಗುವುದಿಲ್ಲ. ಕಾಲೇಜಿನ ಭಾಷಣಗಳಲ್ಲಿ, ಮದುವೆ ಮನೆಗಳಲ್ಲಿ, ಒಮ್ಮೆ ಸಾಲ ಕೊಟ್ಟ ಗೆಳೆಯನ ಎದುರಿಗೆ ಕೂಡ ಆ ಮಾತನ್ನು ನಾನು ಬಳಸಿದ್ದೇನೆ. ಇಡೀ ಧಾರಾವಾಹಿಯಲ್ಲಿ ಅಂಥ ಇನ್ನೊಂದು ಮಾತಿಲ್ಲ ಎಂದು ಯಾರ ಎದುರಿಗೂ ವಾದಿಸಿದ್ದೇನೆ.

ದೃಶ್ಯ ಬಂತು. ಗೆಳೆತನ ಉಂಟು, ಋಣ ಉಂಟು. ಎಲೆ ಹಾಕಿದವ ಎಲ್ಲಿಯೂ ಸಿಗಲಿಲ್ಲ. ಫೋನಿನಲ್ಲಿ ಹುಡುಕಿ ಮತ್ತೊಮ್ಮೆ ನೋಡಿದೆ.

ಬೊಂಬಾಯಿ ಮಾಮನಿಗೆ ಆಗ ಎಂಬತ್ತು ದಾಟಿತ್ತು. ಕಿವಿ ಮಂದ, ನಾಲಿಗೆ ಮೊದಲಿನದ್ದೇ. ಫೋನ್ ಮಾಡಿದೆ.

"ಮಾಮ, ಎಲೆ ಹಾಕಿದವನ ಮಾತು ಕರ್ಣ ಹೇಳುವುದೇ ಇಲ್ಲವಲ್ಲ!"

"ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳಿದ್ದಲ್ಲ. ಈಗ ಮತ್ತೆ ಹಾಕುತ್ತಿದ್ದಾರೆ, ನಾನೇ ಕೂತು ನೋಡಿದೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಕೆಮ್ಮು ಮಾತ್ರ ಕೇಳಿತು.

"ಈಗ ತೋರಿಸುದು ಪೂರ್ತಿ ಅಲ್ಲ ಮಾರಾಯ," ಎಂದರು ಮಾಮ. "ಒಳ್ಳೇದನ್ನೆಲ್ಲ ಕಟ್ ಮಾಡಿದ್ದಾರೆ."