ನೀಲಗುಂದದಲ್ಲಿ ನೆಲ ಬಿಚ್ಚಿದ ಕ್ಯಾರವಾನ್

ಕ್ಯಾರವಾನ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ ಹೇಳಿ? ಎ.ಸಿ., ಸೋಫಾ, ಸುತ್ತಲೂ ಬಲ್ಬು ಉರಿಯುವ ಕನ್ನಡಿ, ಬಾಗಿಲ ಬಳಿ ದಾಂಡಿಗ ಬೌನ್ಸರು... ಒಳಗೆ ನಿಮ್ಮ ಹೀರೋ! ನನಗೂ ಹಾಗೇ ಇತ್ತು ಸ್ವಾಮಿ. ಈಗ ಮಾತ್ರ ಕ್ಯಾರವಾನ್ ಅಂದರೆ ಮೊದಲು ನೆನಪಾಗುವುದು ಅದರ ನೆಲ. ಕೊಳೆತ ನೆಲ! ಆ ಕಥೆ ಹೇಳೋಣ ಅಂತಲೇ ಕೂತಿದ್ದೇನೆ.

ಕಥೆ ನಡೆದ ಊರು ನೀಲಗುಂದ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹರಪನಹಳ್ಳಿಗೆ ಬಂದು, ನಿಲ್ದಾಣದ ಪುಸ್ತಕದಂಗಡಿಯಲ್ಲಿ ನಮ್ಮ ಪತ್ರಿಕೆ ತೂಗುಹಾಕಿದ್ದಾರೋ ಇಲ್ಲವೋ ನೋಡಿ ಖುಷಿಪಟ್ಟು, ಅಲ್ಲಿಂದ ಹಳ್ಳಿಯ ದಾರಿ ಹಿಡಿದೆ. ಎರಡೂ ಕಡೆ ಮೆಕ್ಕೆಜೋಳದ ಹೊಲ. ಈ ಸೀಮೆಯವರಿಗೆ ವಿಳಾಸ ಬರೆಯುವುದೇ ಒಂದು ತಮಾಷೆ. ಹರಪನಹಳ್ಳಿ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಹೋಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಕೂತಲ್ಲಿಂದ ಒಂದಂಗುಲ ಕದಲಿಲ್ಲ, ಜಿಲ್ಲೆ ಮಾತ್ರ ಮೂರು ಸಲ ಬದಲಾಯಿತು!

ನನ್ನ ಗೆಳೆಯನ ಗಾಡಿಯದೂ ಅದೇ ಕಥೆ. ಅವನು ಡ್ರೈವರ್, ನೀಲಗುಂದದವನು. ಬೆಂಗಳೂರಿನಲ್ಲಿ ಶೂಟಿಂಗ್ ಯೂನಿಟ್ಟಿನ ಗಾಡಿ ಓಡಿಸುತ್ತಿದ್ದಾಗ ಪರಿಚಯ. ಮಿನಿಬಸ್ಸಿನ ಒಳಗನ್ನು ಕಿತ್ತು ಮೇಕಪ್ ಗಾಡಿ ಮಾಡಿದ್ದ ಒಂದು ಹಳೇ ಕ್ಯಾರವಾನ್ ಮಾರಾಟಕ್ಕಿದೆ ಅಂತ ಅವನಿಗೆ ಗೊತ್ತಾಯಿತು. ನಾಲ್ಕನೇ ಕೈ ಗಾಡಿ. ತಾಯಿಯ ಬಂಗಾರ ಒತ್ತೆ ಇಟ್ಟು ದುಡ್ಡು ಹೊಂದಿಸಿದ. ಕೊಳ್ಳುವ ಮುಂಚೆ ನನ್ನನ್ನು ಕರೆದ. "ನೀ ಸಿನಿಮಾ ಪತ್ರಕರ್ತ, ನೂರು ಕ್ಯಾರವಾನ್ ಕಂಡಾವ. ಒಂಚೂರು ನೋಡಿ ಹೇಳಪಾ" ಅಂದ.

ನೋಡಿದೆ. ಏನು ನೋಡಿದೆ ಗೊತ್ತೇ? ಕನ್ನಡಿ ನೋಡಿದೆ. ಬಲ್ಬುಗಳನ್ನು ಹಚ್ಚಿ ಆರಿಸಿದೆ. ಸೋಫಾದ ಮೇಲೆ ಕೂತು ಕಾಲ ಮೇಲೆ ಕಾಲು ಹಾಕಿದೆ. ನೆಲಕ್ಕೆ ಹೊಸ ವಿನೈಲ್ ಹಾಸು ಹಾಕಿದ್ದರು, ಮರದ ಬಣ್ಣದ್ದು, ಥಳಥಳ ಅನ್ನುತ್ತಿತ್ತು. ವಾಷ್ ಬೇಸಿನ್ನಿನ ಹತ್ತಿರ ಕಾಲಿಟ್ಟಾಗ ಸ್ವಲ್ಪ ಮೆತ್ತಗಾದಂತೆ ಅನ್ನಿಸಿತು. "ಕೆಳಗೆ ಸ್ಪಂಜು ಹಾಕಿರಬೇಕು, ಸ್ಟಾರ್‌ಗಳ ಪಾದಕ್ಕೆ ಹಿತವಾಗಲಿ ಅಂತ" ಎಂದು ನಾನೇ ವಿವರಣೆ ಕೊಟ್ಟೆ! ಪಿಯುಸಿ ಅರ್ಧಕ್ಕೆ ಬಿಟ್ಟವನ ಬುದ್ಧಿವಂತಿಕೆ ಅದು. "ಫಸ್ಟ್ ಕ್ಲಾಸ್ ಗಾಡಿ, ತಗೋ" ಅಂದೆ. ತಗೊಂಡ.

ಮೊದಲ ಬಾಡಿಗೆ ಹೊಸಪೇಟೆ ಕಡೆಯ ಒಂದು ಹೊರಾಂಗಣ ಚಿತ್ರೀಕರಣಕ್ಕೆ. ಸಣ್ಣ ಬಜೆಟ್ಟಿನ ಚಿತ್ರ. ಎರಡನೇ ದಿನ ಮಧ್ಯಾಹ್ನ ತಾಯಿ ಪಾತ್ರದ ಹಿರಿಯ ಕಲಾವಿದೆಯೊಬ್ಬರು ಮುಖ ತೊಳೆಯಲು ಬೇಸಿನ್ನಿನ ಮುಂದೆ ನಿಂತಿದ್ದಾರೆ. ಚರ್ ಅಂತ ಶಬ್ದ. ಬಲಗಾಲು ಮೊಣಕಾಲಿನವರೆಗೆ ನೆಲದೊಳಗೆ! ಪ್ಲೈವುಡ್ಡಿನ ಸಿಬಿರು ಮೀನಖಂಡವನ್ನು ಸೀಳಿಬಿಟ್ಟಿತ್ತು. ಆರು ಹೊಲಿಗೆ ಬಿದ್ದವು.

ಆಕೆ ವೃತ್ತಿ ನಾಟಕದಿಂದ ಬಂದವರು. ನೋವಿನಲ್ಲೂ, "ನಾಟಕದಾಗ ಸೀತಮ್ಮಗ ಭೂಮಿ ಬಾಯಿ ಬಿಟ್ಟಿದ್ದು ನೋಡಿದ್ದೆ. ಈಗ ನನಗೂ ಬಿಡ್ತು ನೋಡ್ರಿ" ಅಂತ ನಕ್ಕರಂತೆ. ಆದರೆ ದಿನಗೂಲಿ ಲೆಕ್ಕದ ಕಲಾವಿದೆ. ಕುಂಟುವ ತಾಯಿಯ ಸೀನು ಕಥೆಯಲ್ಲಿ ಇರಲಿಲ್ಲ, ಹಾಗಾಗಿ ಎರಡು ದಿನದ ಸಂಭಾವನೆ ಹೋಯಿತು. ಗೆಳೆಯ ಫೋನಿನಲ್ಲಿ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಹನ್ನೊಂದು ದಿನಕ್ಕ ಮತ್ತ ಅದೇ ಯೂನಿಟ್ಟಿನ ಶೆಡ್ಯೂಲ್ ಐತಿ" ಅಂದ ಅಷ್ಟೇ. ನಾನು ಬಸ್ಸು ಹತ್ತಿದೆ.

ಪಟ್ಟಣದ ಬಾಡಿ ಬಿಲ್ಡಿಂಗ್ ಶೆಡ್ಡೊಂದರಲ್ಲಿ ಕೇಳಿದರೆ ಅರವತ್ತು ಸಾವಿರ, ಒಂದು ತಿಂಗಳು ಅಂದರು. ದುಡ್ಡೂ ಇಲ್ಲ, ತಿಂಗಳೂ ಇಲ್ಲ. ಸರಿ, ನಾವೇ ಮಾಡೋಣ ಅಂತ ತೀರ್ಮಾನವಾಯಿತು. ಗೆಳೆಯ, ನಾನು, ಊರಿನ ಬಡಿಗ ಅಜ್ಜ. ಅಜ್ಜ ಬಾಗಿಲು, ಕಿಟಕಿ, ಎತ್ತಿನ ಗಾಡಿ ಮಾಡಿದವರು. ಕ್ಯಾರವಾನ್ ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಮೊದಲ ದಿನ ಸಾಮಾನು ಇಳಿಸಿದೆವು. ಸೋಫಾ, ಕನ್ನಡಿ, ಬೇಸಿನ್, ಬೀರು. ಪ್ರತಿ ಬೋಲ್ಟನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದೆವು, ಮೊಬೈಲಿನಲ್ಲಿ ಫೋಟೋ ತೆಗೆದೆವು. ಆಮೇಲೆ ಆ ಥಳಥಳ ವಿನೈಲ್ ಎತ್ತಿದರೆ... ಅಯ್ಯೋ! ಅದರ ಕೆಳಗೆ ಇನ್ನೊಂದು ಹಳೇ ವಿನೈಲ್. ಅದರ ಕೆಳಗೆ ಕಪ್ಪಗೆ, ಗಸಿಯಂತೆ ಕೊಳೆತ ಪ್ಲೈವುಡ್. ಮಾರಿದವರಲ್ಲಿ ಯಾರೋ ಕೊಳೆತದ್ದು ಗೊತ್ತಿದ್ದೇ ಮೇಲೆ ಹೊಸ ಹಾಸು ಹೊದಿಸಿದ್ದರು. ಪೌಡರ್ ಬಳಿದು ಗಾಯ ಮುಚ್ಚಿದ ಹಾಗೆ! ಅಜ್ಜ ಸ್ಕ್ರೂಡ್ರೈವರ್ ಹಿಡಿದು ಅಡಿಗೊಂದರಂತೆ ಚುಚ್ಚುತ್ತಾ ಹೋದರು. ಗಟ್ಟಿ ಇದ್ದ ಕಡೆ ಟಕ್ ಅಂದಿತು. ಬೇಸಿನ್ನಿನ ಸುತ್ತ, ಹಿಂದಿನ ಕಿಟಕಿಯ ಕೆಳಗೆ ಬೆಣ್ಣೆಗೆ ಇಳಿದಂತೆ ಇಳಿಯಿತು.

ನಾನು ಆಗಲೇ ಪ್ಲೈವುಡ್ ತರಲು ಹೊರಟೆ. ಅಜ್ಜ ತಡೆದರು. "ನೀರು ಎಲ್ಲಿಂದ ಬಂತು ಅಂತ ಮೊದಲು ಹುಡುಕ್ರಿ. ನೆಲ ಆಮೇಲೆ."

ಆ ಒಂದು ಮಾತಿಗೆ ಒಂದಿಡೀ ದಿನ ಹೋಯಿತು. ತೆಗೆದ ಬೇಸಿನ್ನನ್ನು ಮತ್ತೆ ಅದರ ಜಾಗಕ್ಕೆ ಕಟ್ಟಿ, ಕೆಳಗೆ ದಿನಪತ್ರಿಕೆ ಹಾಸಿ, ನೀರು ಬಿಟ್ಟು ಕಾದೆವು. ಹೊರಹೋಗುವ ಪೈಪಿನ ಜೋಡಿನಿಂದ ಹನಿ ಹನಿಯಾಗಿ ಬಿದ್ದು ಪೇಪರ್ ಒದ್ದೆಯಾಯಿತು. ಗಾಡಿ ಕುಲುಕಿ ಕುಲುಕಿ ಜೋಡು ಸಡಿಲಾಗಿತ್ತು. ಕಿಟಕಿಗೆ ಹೊರಗಿನಿಂದ ಬಿಂದಿಗೆಯಲ್ಲಿ ನೀರು ಸುರಿದೆವು. ರಬ್ಬರ್ ಬೀಡಿಂಗ್ ಬಿಸಿಲಿಗೆ ಸೆಟೆದು ಬಿರುಕು ಬಿಟ್ಟಿತ್ತು, ಗೋಡೆಯ ಒಳಗಿಂದಲೇ ನೀರು ಇಳಿದು ನೆಲ ಸೇರಿತು. ಕಳ್ಳರು ಇಬ್ಬರೂ ಸಿಕ್ಕರು! ಪೈಪಿಗೆ ಹೊಸ ಜೋಡು ಹಾಕಿ, ಕುಲುಕದಂತೆ ಕ್ಲಿಪ್ಪು ಬಿಗಿದೆವು. ಕಿಟಕಿಗೆ ಹೊಸ ರಬ್ಬರು.

ಮೂರನೇ ದಿನ ಕೊಳೆತ ನೆಲ ಕಿತ್ತೆವು. ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಕೂತಿದ್ದವು, ತಲೆಗಳನ್ನು ಗ್ರೈಂಡರಿನಿಂದ ಹಾರಿಸಬೇಕಾಯಿತು. ಇಲ್ಲಿ ಹುಷಾರು ಮಿತ್ರರೇ. ಕೆಳಗೆ ಡೀಸೆಲ್ ಪೈಪು, ವೈರು ಎಲ್ಲ ಓಡಿರುತ್ತವೆ. ಮೊದಲು ಬ್ಯಾಟರಿಯ ತಂತಿ ಕಳಚಿದೆವು. ಪೈಪಿನ ಮೇಲೆ ಒದ್ದೆ ಗೋಣಿ ಹೊದಿಸಿದೆವು. ಪಕ್ಕದಲ್ಲಿ ಮರಳಿನ ಬಕೆಟ್ಟು. ಚಿತ್ರಗಳಲ್ಲಿ ಗಾಡಿ ಸಿಡಿಯುವುದನ್ನು ನೋಡಿ ಶಿಳ್ಳೆ ಹೊಡೆದವನೇ ನಾನು, ಅವತ್ತು ಪ್ರತಿ ಕಿಡಿಗೂ ಎದೆ ಹಾರುತ್ತಿತ್ತು.

ಪ್ಲೈವುಡ್ ಕೆಳಗೆ ಕಬ್ಬಿಣದ ಅಡ್ಡಪಟ್ಟಿಗಳು, ಎರಡಡಿಗೊಂದರಂತೆ ಎಂಟು. ಸುತ್ತಿಗೆಯಿಂದ ಬಡಿದು ನೋಡಿದೆವು. ಆರು ಗಂಟೆಯಂತೆ ಮೊಳಗಿದವು. ಎರಡು ಪುಸ್ ಅಂದವು. ಅವೆರಡನ್ನು ವೆಲ್ಡರ್ ಕರೆಸಿ ಹೊಸದು ಹಾಕಿಸಿದೆವು. ಉಳಿದವುಗಳ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಕಪ್ಪು ಬಣ್ಣ.

ಮಧ್ಯಾಹ್ನದ ಬಿಸಿಲಿಗೆ ತಗಡು ಶೆಡ್ಡಿನಲ್ಲಿ ಇರಲಾಗುತ್ತಿರಲಿಲ್ಲ. ಬುತ್ತಿ ಕಟ್ಟಿಕೊಂಡು ಭೀಮೇಶ್ವರ ಗುಡಿಗೆ ಹೋಗುತ್ತಿದ್ದೆವು. ಕಲ್ಯಾಣ ಚಾಲುಕ್ಯರ ಕಾಲದ, 12ನೇ ಶತಮಾನದ ಗುಡಿ ಅದು. ಬಳಪದ ಕಲ್ಲಿನಲ್ಲಿ ಕಟ್ಟಿದ್ದು, ಮೂರು ಗರ್ಭಗುಡಿ. ಹಂಪಿಗೆ ಸಾಲು ಸಾಲು ಬಸ್ಸು ಹೋಗುತ್ತವೆ, ಇಲ್ಲಿಗೆ ಬರುವವರು ಕಡಿಮೆ. ಅಂಥ ಗುಡಿಯ ತಂಪಿನಲ್ಲಿ ರೊಟ್ಟಿ ತಿಂದು ಕೂತಾಗ ಅಜ್ಜ ಅಂದರು: "ಶಿವನ ಗುಡಿ ಕಟ್ಟೋರು ಅಭಿಷೇಕದ ನೀರು ಹೊರಗ ಹೋಗಾಕ ಮೊದಲ ದಾರಿ ಮಾಡಿ ಇಟ್ಟಿರ್ತಾರ. ದಿನಾ ಕೊಡಗಟ್ಟಲೆ ನೀರು ಹಾಕಿದ್ರೂ ನೆಲಕ್ಕ ಏನಾಗೂದಿಲ್ಲ. ನಿಮ್ಮ ಗಾಡಿಯಾಗ ಬೇಸಿನ್ ಇಟ್ಟೋನು ನಲ್ಲಿ ನೋಡ್ಯಾನ, ನೀರಿನ ದಾರಿ ನೋಡಿಲ್ಲ."

ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ನಾನೂ ಬಲ್ಬು ನೋಡಿದವನೇ ತಾನೇ?

ಅಂದ ಹಾಗೆ, ಈ ಗಾಡಿಗಳು ನಮ್ಮ ಚಿತ್ರರಂಗಕ್ಕೆ ತೀರಾ ಹಳಬವೇನಲ್ಲ. ಹಿಂದಿ ನಟಿ ಪೂನಂ ಧಿಲ್ಲೋನ್ 'ವ್ಯಾನಿಟಿ' ಎಂಬ ಹೆಸರಿನಲ್ಲಿ ಮೇಕಪ್ ವ್ಯಾನ್ ಕಂಪನಿ ನಡೆಸಿದರು. ಮುಂಬೈಯಲ್ಲಿ ಇಂಥ ಗಾಡಿಗೆ ಇವತ್ತಿಗೂ ವ್ಯಾನಿಟಿ ಅಂತಲೇ ಹೆಸರು. ನಮ್ಮ ಗಾಂಧಿನಗರದಲ್ಲಿ ಕ್ಯಾರವಾನ್ ಅನ್ನುತ್ತಾರೆ. 1972ರ 'ನಾಗರಹಾವು' ಚಿತ್ರಕ್ಕಾಗಿ ಪುಟ್ಟಣ್ಣ ಕಣಗಾಲ್ ಚಿತ್ರದುರ್ಗದ ಕೋಟೆಯ ಬಂಡೆಗಳ ಮೇಲೆ ಚಿತ್ರೀಕರಿಸಿದಾಗ ಎ.ಸಿ. ಗಾಡಿ ಎಲ್ಲಿತ್ತು? ಆ ಕಾಲದ ಹೊರಾಂಗಣದಲ್ಲಿ ಮರದ ನೆರಳು, ಇಲ್ಲವೇ ಯಾರದೋ ಮನೆಯ ಹಜಾರ, ಅಡ್ಡ ಹಿಡಿದ ಒಂದು ಸೀರೆ ಅಂತ ಹಳಬರು ಹೇಳುತ್ತಾರೆ. ನಟಿಯರ ಪಾಡು ಊಹಿಸಿಕೊಳ್ಳಿ. ಹಾಗಾಗಿ ಈ ಗಾಡಿ ಬರೀ ಷೋಕಿಯಲ್ಲ. ಬಟ್ಟೆ ಬದಲಿಸಲು ಬಾಗಿಲಿರುವ ನಾಲ್ಕು ಗೋಡೆ ಅದು. ಗೋಡೆ ಇದ್ದು ನೆಲ ಇಲ್ಲದಿದ್ದರೆ?

ಐದನೇ ದಿನ ಪ್ಲೈವುಡ್ ಬಂತು. 18 ಮಿಲಿಮೀಟರ್ ದಪ್ಪದ್ದು, ಹಳೆಯದರಷ್ಟೇ. ತೆಳುವಾದರೆ ಬಾಗಿಲ ಹೊಸ್ತಿಲಿಗೆ ಎಡವಬೇಕು. ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇತ್ತು, ನೀರಿಗೆ ತಡೆಯುವ ಮೆರೀನ್ ಪ್ಲೈ ಅಂತ ಅರ್ಥ. ಅಗ್ಗದ್ದಕ್ಕೆ ಐಎಸ್ 303 ಇರುತ್ತದೆ, ಮನೆಯ ಬೀರುವಿಗೆ ಸಾಕು, ಇಲ್ಲಿಗೆ ಸಾಲದು. ಗಾಡಿಯ ನೆಲ ಹದಿನಾಲ್ಕು ಅಡಿ ಉದ್ದ, ಆರಡಿ ಅಗಲ. ಎಂಟಡಿ-ನಾಲ್ಕಡಿಯ ಹಾಳೆ ಎಷ್ಟು ಬೇಕು? ನಾನು ನಾಲ್ಕು ಅಂದೆ. ಅಜ್ಜ ಮೂರು ಅಂದರು. ಹಾಳೆಗಳನ್ನು ಅಡ್ಡ ಹಾಕಿದರೆ ಮೂರಕ್ಕೆ ಹನ್ನೆರಡು ಅಡಿ ಮುಗಿಯಿತು, ಕತ್ತರಿಸಿ ಉಳಿದ ತುಂಡುಗಳೇ ಹಿಂದಿನ ಎರಡಡಿಗೆ ಸಾಕಾದವು! ಜೋಡುಗಳೆಲ್ಲ ಸರಿಯಾಗಿ ಅಡ್ಡಪಟ್ಟಿಯ ಮೇಲೆಯೇ ಕೂತವು. ಹಿಂದಿನ ತುಂಡುಗಳ ಜೋಡಿಗೆ ಮಾತ್ರ ಕೆಳಗೆ ಒಂದು ಕಬ್ಬಿಣ ಹೆಚ್ಚಿಗೆ ಕೊಟ್ಟೆವು. ಜೋಡು ಗಾಳಿಯಲ್ಲಿ ತೂಗಿದರೆ ಮತ್ತೆ ಅದೇ ಚರ್!

ಚಕ್ರದ ಗೂಡಿನ ಸುತ್ತ ಕತ್ತರಿಸುವುದು ಕಷ್ಟ. ಅದಕ್ಕೆ ನನ್ನದೂ ಒಂದು ಕೊಡುಗೆ ಇದೆ. ನನ್ನ ಚೀಲದಲ್ಲಿ ಸಿನಿಮಾ ಪೋಸ್ಟರುಗಳ ಸುರುಳಿ ಇತ್ತು. ಅದನ್ನೇ ನೆಲಕ್ಕೆ ಹಾಸಿ, ಅಂಚು ಒತ್ತಿ, ಕತ್ತರಿಸಿ ನಮೂನೆ ಮಾಡಿದೆವು. ಪ್ಲೈವುಡ್ ಮೇಲಿಟ್ಟು ಗೆರೆ ಎಳೆದೆವು. ಒಬ್ಬ ನಾಯಕನ ಮೀಸೆಯ ಮಧ್ಯೆಯೇ ಗರಗಸದ ದಾರಿ ಹೋಯಿತು, ಅಭಿಮಾನಿಗಳು ಕ್ಷಮಿಸಬೇಕು.

ಕತ್ತರಿಸಿದ ಅಂಚುಗಳು ನೀರು ಹೀರುವ ಬಾಯಿಗಳು ಇದ್ದ ಹಾಗೆ. ಅವಕ್ಕೆ ಮೂರು ಸಲ ಎನಾಮಲ್ ಬಣ್ಣ ಕುಡಿಸಿದೆವು. ಕೆಳಮೈಗೂ ಬಳಿದೆವು, ರಸ್ತೆಯ ನೀರು ಚಕ್ರದಿಂದ ಸಿಡಿಯುವುದು ಅಲ್ಲಿಗೇ ತಾನೇ. ಒಂದು ಪದರ ಪೂರಾ ಒಣಗಿದ ಮೇಲೆಯೇ ಇನ್ನೊಂದು. ನನಗೆ ಅವಸರ. ಅಜ್ಜ, "ಅವಸರ ಮಾಡಿದ್ರ ಮತ್ತ ಬಿಚ್ಚಬೇಕಾಗತೈತಿ" ಅಂದು ಎಲೆಯಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದರು. ಹಾಳೆ ಕೂರಿಸಿ, ಬೋಲ್ಟು ಬಿಗಿದು, ಸಂದುಗಳಿಗೆ ಸೀಲಂಟ್ ತುಂಬಿ, ಬೋಲ್ಟಿನ ತೂತುಗಳಿಗೂ ಸೀಲಂಟ್ ಹಾಕಿ, ಎಂಟನೇ ದಿನ ವಿನೈಲ್ ಅಂಟಿಸಿದೆವು. ಒಟ್ಟು ಖರ್ಚು ಇಪ್ಪತ್ತೆರಡು ಸಾವಿರ ಚಿಲ್ಲರೆ. ಅದರಲ್ಲಿ ಎಂಟು ಸಾವಿರ ನನ್ನದು. ದಂಡ ಅನ್ನಿ, ಪ್ರಾಯಶ್ಚಿತ್ತ ಅನ್ನಿ.

ಒಂಬತ್ತನೇ ದಿನ ಸಾಮಾನೆಲ್ಲ ಕೂರಿಸಿ, ರಾತ್ರಿ ಟ್ಯಾಂಕು ತುಂಬಿ, ಬೇಸಿನ್ನಿಗೆ ನೀರು ಬಿಟ್ಟು, ಪೈಪಿನ ಕೆಳಗೆ ದಿನಪತ್ರಿಕೆ ಹಾಸಿ ಮಲಗಿದೆವು. ನಿದ್ದೆ ಎಲ್ಲಿ ಬರಬೇಕು? ಬೆಳಿಗ್ಗೆ ಐದಕ್ಕೇ ಟಾರ್ಚ್ ಹಿಡಿದು ಓಡಿದೆ. ಪೇಪರ್ ಗರಿಗರಿ ಒಣಗಿತ್ತು! ನನ್ನ ಲೇಖನ ಮೊದಲ ಸಲ ಅಚ್ಚಾದ ದಿನ ಕೂಡ ಅಷ್ಟು ಸಂತೋಷದಿಂದ ನಾನು ಪೇಪರ್ ಹಿಡಿದಿರಲಿಲ್ಲ.

ಹನ್ನೊಂದನೇ ದಿನ ಚಿತ್ರೀಕರಣದ ಜಾಗಕ್ಕೆ ನಾನೂ ಹೋದೆ. ಆ ಕಲಾವಿದೆ ಬಂದರು. ಸ್ವಲ್ಪ ಕುಂಟುತ್ತಿದ್ದರು. ಗಾಡಿ ಕೊಳ್ಳುವಾಗ ನೋಡಿ ಒಪ್ಪಿದವನು ನಾನೇ ಅಂತ ಹೇಳಿ, ತಪ್ಪಾಯಿತು ಅಂದೆ. ಒಂದು ಕ್ಷಣ ನೋಡಿದರು. "ಹಂಗಾದ್ರ ನೀನ ಮೊದಲು ಹತ್ತು" ಅಂದರು. ಹತ್ತಿದೆ. "ಬೇಸಿನ್ ಹತ್ರ ನಿಂತು ಕುಪ್ಪಳಿಸು." ಕುಪ್ಪಳಿಸಿದೆ. ಯೂನಿಟ್ಟಿನವರೆಲ್ಲ ನಗುತ್ತಿದ್ದರು. "ಇನ್ನೊಮ್ಮೆ" ಅಂದರು. ಕುಪ್ಪಳಿಸಿದೆ. ಆಮೇಲೆ ಹಿಡಿ ಹಿಡಿದುಕೊಂಡು ಹತ್ತಿದರು. ಬೇಸಿನ್ನಿನ ಹತ್ತಿರ ಬಂದಾಗ ಮಾತ್ರ ನಿಂತರು. ಎಡಗಾಲಿನ ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಕಾಲಿಟ್ಟರು.

ನೆಲ ಗಟ್ಟಿಯಾಗಿದೆ. ಆದರೆ ಆಕೆ ಹಾಗೆ ಒತ್ತಿ ನೋಡುವುದು ಎಂದು ನಿಲ್ಲುತ್ತದೋ ಗೊತ್ತಿಲ್ಲ.

ಚಿತ್ರರಸಿಕ ಮಿತ್ರರೇ, ಮುಂದಿನ ಸಲ ನಿಮ್ಮೂರಿಗೆ ಶೂಟಿಂಗ್ ಬಂದಾಗ ಕ್ಯಾರವಾನ್ ಸುತ್ತ ಮುತ್ತಿಕೊಂಡು ಹೀರೋ ಇಳಿಯುವವರೆಗೆ ಕಾಯುತ್ತೀರಿ ತಾನೇ? ಕಾಯಿರಿ, ಬೇಡ ಅನ್ನುವುದಿಲ್ಲ. ಕಾಯುವಾಗ ಒಮ್ಮೆ ಬಗ್ಗಿ ಗಾಡಿಯ ಕೆಳಗೆ ನೋಡಿ. ಪೈಪಿನ ಬಾಯಿ ಬಿಟ್ಟು ಬೇರೆಲ್ಲಾದರೂ ನೀರು ತೊಟ್ಟಿಕ್ಕುತ್ತಿದ್ದರೆ ಡ್ರೈವರಿಗೆ ಹೇಳಿಬಿಡಿ. ಆಟೋಗ್ರಾಫ್ ಆಮೇಲೆ ಕೇಳಿದರಾಯಿತು.