‘ಇಲ್ಲ’ದ ಕಾಟ

ಚರಿತ್ರೆ, ಅರ್ಥಶಾಸ್ತ್ರ ಓದುವ ಬಿ.ಎ. ವಿದ್ಯಾರ್ಥಿಗೆ ಕಂಪ್ಯೂಟರಿನ ಗೊಡವೆ ಏಕೆಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ಆದರೆ ನಾನು ಈಗ ದೂರಲು ಹೊರಟಿರುವ ಉಪದ್ರವವನ್ನು ಲೋಕಕ್ಕೆ ತಂದವರೂ ನಮ್ಮ ಪಂಗಡದವರೇ. ಟೋನಿ ಹೋರ್ ಎಂಬ ಆ ಆಂಗ್ಲ ಪಂಡಿತರು ಹುಟ್ಟಿದ್ದು ಕೊಲಂಬೋದಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿದ್ದು ಗ್ರೀಕ್, ಲ್ಯಾಟಿನ್, ತತ್ತ್ವಶಾಸ್ತ್ರ. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಎಂಬ ಭಾಷೆಯನ್ನು ರೂಪಿಸುವಾಗ ಅವರು ‘ನಲ್’ ಎಂಬುದನ್ನು ಅದರೊಳಗೆ ಸೇರಿಸಿಬಿಟ್ಟರು. ಸೇರಿಸುವುದು ಬಲು ಸುಲಭವಾಗಿತ್ತಂತೆ, ಅದೇ ಕಾರಣ! 2009ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಅದು ನೂರು ಕೋಟಿ ಡಾಲರಿನ ತಪ್ಪು ಎಂದು ತಾವೇ ಒಪ್ಪಿಕೊಂಡರು. ನನ್ನ ತಪ್ಪಿನ ಬೆಲೆ ಐದು ಪುಸ್ತಕ.

ಕಳೆದ ವರ್ಷದ ಮಾತು. ಸಂಜೆಯ ತರಗತಿಯೊಂದಕ್ಕೆ ಹೋಗಿ ನಾನು ಜಾವಾ ಕಲಿಯುತ್ತಿದ್ದೆ. ಕಲಿತದ್ದಕ್ಕಿಂತ ಹೇಳಿಕೊಂಡದ್ದು ಹೆಚ್ಚು. ಅದು ಗ್ರಂಥಪಾಲಕರ ಕಿವಿಗೂ ಬಿದ್ದು, “ಏನಯ್ಯಾ, ಪುಸ್ತಕ ಬ್ಯಾಂಕಿನ ಚೀಟಿಗಳನ್ನು ನೀನೇ ಅಚ್ಚು ಹಾಕಿ ಕೊಡಬಾರದೆ?” ಎಂದರು. ಬಡ ವಿದ್ಯಾರ್ಥಿಗಳಿಗೆ ವರ್ಷಪೂರ್ತಿ ಪಠ್ಯಪುಸ್ತಕಗಳನ್ನು ಎರವಲು ಕೊಡುವ ಏರ್ಪಾಡು ಅದು. ಹೆಸರು, ತರಗತಿ, ತಂದೆಯ ಹೆಸರು, ಪಡೆಯುವ ಪುಸ್ತಕಗಳು – ಚೀಟಿಯಲ್ಲಿ ಇಷ್ಟೇ. ಒಂದೇ ರಾತ್ರಿಯಲ್ಲಿ ಪ್ರೋಗ್ರಾಂ ಬರೆದು ಮುಗಿಸಿದೆ. ಮರುದಿನ ಗ್ರಂಥಪಾಲಕರ ಎದುರಿನಲ್ಲೇ ಅದು ನಲವತ್ತೆರಡು ಚೀಟಿ ಉದುರಿಸಿ ಎತ್ತು ಮಲಗಿದಂತೆ ಮಲಗಿಬಿಟ್ಟಿತು. ತೆರೆಯ ಮೇಲೆ ಕೆಂಪಕ್ಷರ: ನಲ್ ಪಾಯಿಂಟರ್ ಎಕ್ಸೆಪ್ಷನ್.

ಇದೇನೆಂದು ಸ್ವಲ್ಪ ಹೇಳಬೇಕು. ಈ ಬಗೆಯ ಭಾಷೆಗಳಲ್ಲಿ ಬಹುಪಾಲು ಆಬ್ಜೆಕ್ಟುಗಳದ್ದೇ ಕಾರುಬಾರು. ವಿದ್ಯಾರ್ಥಿ ಒಂದು ಆಬ್ಜೆಕ್ಟು, ಅವನ ತಂದೆ ಇನ್ನೊಂದು. ವಿದ್ಯಾರ್ಥಿಯ ಬಳಿ ಇರುವುದು ತಂದೆಯೇ ಅಲ್ಲ, ತಂದೆ ಇರುವ ಮನೆಯ ವಿಳಾಸ ಮಾತ್ರ. ನಲ್ ಎಂದರೆ ವಿಳಾಸವಿಲ್ಲದ ಲಕೋಟೆ. ಅದು ಜೇಬಿನಲ್ಲಿರುವ ತನಕ ಯಾರಿಗೂ ತೊಂದರೆಯಿಲ್ಲ. ಆ ಮನೆಗೆ ಹೋಗಿ ಯಜಮಾನರ ಹೆಸರು ಕೇಳಿಕೊಂಡು ಬಾ ಎಂದು ಅಪ್ಪಣೆ ಮಾಡಿದಾಗಲೇ ಅಂಚೆಯವನು ಬೀದಿಯಲ್ಲಿ ಕುಸಿಯುವುದು. ಸಂಖ್ಯೆ ಇರಬೇಕಾದಲ್ಲಿ ಅಕ್ಷರ ಬರೆದರೆ ಮೊದಲೇ ಗದರಿಸುವ ಜಾವಾದ ಕಂಪೈಲರು, ಲಕೋಟೆ ಖಾಲಿಯೋ ಭರ್ತಿಯೋ ಎಂಬುದನ್ನು ಮಾತ್ರ ನೋಡುವುದೇ ಇಲ್ಲ. 2020ರಲ್ಲಿ ಬಂದ ಜಾವಾ 14ರಲ್ಲಿ ಯಾವುದು ನಲ್ ಆಗಿತ್ತೆಂದು ಹೇಳುವ ಸೌಜನ್ಯವಾದರೂ ಸೇರಿತು. ನನ್ನ ಯಂತ್ರದಲ್ಲಿದ್ದುದು ಅದಕ್ಕೂ ಹಳೆಯದು. ಸಾಲಿನ ಸಂಖ್ಯೆಯನ್ನಷ್ಟೇ ಹೇಳಿ ಸುಮ್ಮನಾಯಿತು.

ಹುಡುಕಿದೆ. ನಲವತ್ತಮೂರನೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಖಾಲಿ. ಗ್ರಂಥಪಾಲಕರು ಗಡಿಯಾರ ನೋಡುತ್ತಿದ್ದರು. ನಾನು ಒಂದು ಸಾಲು ಸೇರಿಸಿದೆ: ತಂದೆ ನಲ್ ಆಗಿದ್ದರೆ ಮುಂದಕ್ಕೆ ಹೋಗು. ಪ್ರೋಗ್ರಾಂ ಎದ್ದು ಕುದುರೆಯಂತೆ ಓಡಿತು. ಗ್ರಂಥಪಾಲಕರು ಬೆನ್ನು ತಟ್ಟಿದರು, ಕ್ಯಾಂಟೀನಿನಲ್ಲಿ ಕಾಫಿಯನ್ನೂ ಕೊಡಿಸಿದರು.

ಹದಿನೈದು ದಿನವಾದ ಮೇಲೆ ಪ್ರಥಮ ಬಿ.ಎ.ಯ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಎಲ್ಲರಿಗೂ ಪುಸ್ತಕ ಸಿಕ್ಕಿತ್ತು, ಅವಳಿಗೆ ಚೀಟಿಯೇ ಬಂದಿರಲಿಲ್ಲ. ಕಿರುಪರೀಕ್ಷೆ ಹತ್ತಿರವಿತ್ತು, ಗೆಳತಿಯ ಪುಸ್ತಕದಿಂದ ಪಾಠಗಳನ್ನು ಕೈಬರಹದಲ್ಲಿ ಇಳಿಸಿಕೊಳ್ಳುತ್ತಿದ್ದಳಂತೆ. ದೂರುವ ದನಿಯಿಲ್ಲದೆ ಒಂದೇ ಮಾತು ಕೇಳಿದಳು: “ಅಪ್ಪನ ಹೆಸರು ಬರೀಲಿಲ್ಲ ಅಂತ ನನ್ನ ಹೆಸರೂ ತೆಗೆದ್ರಾ, ಅಣ್ಣ?”

ಕಾಫಿ ಕುಡಿದ ಬಾಯಿಗೆ ಉತ್ತರ ಹೊಳೆಯಲಿಲ್ಲ. ಮುಂದಕ್ಕೆ ಹೋಗು ಎಂದವನು ನಾನೇ. ಪ್ರೋಗ್ರಾಂ ಬಿದ್ದಾಗ ಅದು ಸತ್ಯವನ್ನೇ ಹೇಳಿತ್ತು; ಓಡುವಂತೆ ಮಾಡಿ ನಾನು ಅದರ ಬಾಯಿ ಮುಚ್ಚಿಸಿದ್ದೆ. ಅಲ್ಲಿಯೇ ಬಿದ್ದಿರಲು ಬಿಟ್ಟಿದ್ದರೆ ಆ ದಿನವೇ ಅವಳ ಅರ್ಜಿಯನ್ನು ಯಾರಾದರೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು.

ಅಂದು ರಾತ್ರಿ ಮತ್ತೆ ಕುಳಿತೆ. ರೂಮಿನ ಗೆಳೆಯ, “ಖಾಲಿ ಇದ್ದಲ್ಲಿ ‘ಇಲ್ಲ’ ಎಂದು ತುಂಬಿಬಿಡು” ಎಂದು ಬುದ್ಧಿ ಹೇಳಿದ. ಆಗ ಚೀಟಿಯಲ್ಲಿ ‘ಇಲ್ಲ ಅವರ ಮಗಳು’ ಎಂದು ಅಚ್ಚಾಗುತ್ತದೆ! ನಲ್ ಆದರೆ ಬೀಳುತ್ತದೆ, ಇದು ನಗುತ್ತಾ ಸುಳ್ಳಾಡುತ್ತದೆ. ಪುಸ್ತಕಗಳ ಪಟ್ಟಿಯ ಮಾತು ಬೇರೆ. ಯಾರಿಗಾದರೂ ಪುಸ್ತಕ ಇಲ್ಲದಿದ್ದರೆ ಬುಟ್ಟಿಯೇ ಇಲ್ಲ ಎನ್ನದೆ ಖಾಲಿ ಬುಟ್ಟಿ ಕೊಟ್ಟರಾಯಿತು. ಎಣಿಸುವವನು ಸೊನ್ನೆ ಎಣಿಸಿ ಹಿಂದಿರುಗುತ್ತಾನೆ. ತಂದೆಗೆ ಈ ಉಪಾಯ ನಡೆಯದು. ತಂದೆ ತೀರಿಕೊಂಡಿರಬಹುದು, ಮನೆ ಬಿಟ್ಟು ಹೋಗಿರಬಹುದು, ಹೇಳಲು ಅವಳಿಗೆ ಮನಸ್ಸಿಲ್ಲದಿರಬಹುದು, ಅಥವಾ ಬರೆಯಲು ಮರೆತೇ ಹೋಗಿರಬಹುದು. ನಲ್ ಇವೆಲ್ಲಕ್ಕೂ ಒಂದೇ ಮುಖ ತೋರಿಸುತ್ತದೆ. ನಾನೂ ಅವಳನ್ನು ಕೇಳಲಿಲ್ಲ. ಚೀಟಿಗೆ ಬೇಕಾದದ್ದು ಅದಲ್ಲ. ಪುಸ್ತಕಕ್ಕೆ ಹೊಣೆ ನಿಲ್ಲುವ ಒಬ್ಬ ಹಿರಿಯರ ಹೆಸರು.

ಆದ್ದರಿಂದ ‘ಪೋಷಕರು’ ಎಂಬುದನ್ನು ಕಡ್ಡಾಯ ಮಾಡಿದೆ. ಅದಿಲ್ಲದೆ ವಿದ್ಯಾರ್ಥಿ ಎಂಬ ಆಬ್ಜೆಕ್ಟು ಹುಟ್ಟುವಂತೆಯೇ ಇಲ್ಲ. ತಕರಾರು ಏನಿದ್ದರೂ ಅರ್ಜಿ ತುಂಬುವಾಗಲೇ, ಬಾಗಿಲಲ್ಲೇ. ತಂದೆಯನ್ನು ‘ಆಪ್ಷನಲ್’ ಎಂಬ ಡಬ್ಬಿಯಲ್ಲಿಟ್ಟೆ. 2014ರಲ್ಲಿ ಜಾವಾ 8ರೊಂದಿಗೆ ಬಂದ ಈ ಡಬ್ಬಿಯ ಮೇಲೆಯೇ, ಒಳಗೆ ಏನೂ ಇಲ್ಲದಿರಬಹುದು ಎಂದು ಬರೆದಿರುತ್ತದೆ. ಮುಚ್ಚಳ ತೆಗೆಯುವವನು, ಇಲ್ಲದಿದ್ದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿರಬೇಕು. ನೋಡದೆ ಕೈ ಹಾಕುವ ಧೀರರಿಗೆ ಅಲ್ಲಿಯೂ ಬೇರೊಂದು ಎಕ್ಸೆಪ್ಷನ್ ಕಾದಿರುತ್ತದೆ, ಅದು ಬೇರೆ ಮಾತು. 2016ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ಕಾಟ್ಲಿನ್ ಭಾಷೆ ಇನ್ನೂ ಕಟ್ಟುನಿಟ್ಟು: ನಲ್ ಆಗಬಹುದಾದದ್ದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಲೇಬೇಕು, ಹಾಕಿದ ಮೇಲೆ ಪರೀಕ್ಷಿಸದೆ ಮುಟ್ಟಿದರೆ ಕಂಪೈಲರು ಒಪ್ಪುವುದಿಲ್ಲ. ಆ ಭಾಷೆಯಲ್ಲಿ ಬರೆದಿದ್ದರೆ ನನ್ನ ತಪ್ಪು ನನ್ನ ಕೋಣೆಯಲ್ಲೇ ಸಿಕ್ಕಿಬೀಳುತ್ತಿತ್ತೋ ಏನೋ. ಆದರೆ ‘ಮುಂದಕ್ಕೆ ಹೋಗು’ ಎಂಬ ಸಾಲನ್ನು ಅದೂ ತಡೆಯುತ್ತಿರಲಿಲ್ಲ.

ಮರುದಿನ ಚೀಟಿ ತೆಗೆದುಕೊಂಡು ಹೋಗಿ ಅವಳ ಕೈಗಿತ್ತೆ. ಪೋಷಕರ ಸ್ಥಾನದಲ್ಲಿ ತಾಯಿಯ ಹೆಸರಿತ್ತು. ಅವಳು ಎರಡೆರಡು ಬಾರಿ ಓದಿದಳು. ನನ್ನ ಎದೆ ಹೊಡೆದುಕೊಂಡಿತು.

“ಎಲ್ಲಾ ಸರಿ ಇದೆ ಅಣ್ಣ. ಅಮ್ಮನ ಹೆಸರಿಗೆ ಮಹಾಪ್ರಾಣ ಬೇಡ.”

ಜೇಬಿನಿಂದ ಪೆನ್ನು ತೆಗೆದು ಅಲ್ಲೇ ತಿದ್ದಿಕೊಟ್ಟೆ.