ಪಂಪು ಬಿಚ್ಚಿಸುವ ಮುಂಚೆ

ಅಂಬಿಕಾನಗರದ ಕಡೆ ಓಡಾಡುವವರು ನಮ್ಮ ಹಳೆಯ ಡೀಸೆಲ್ ಜೀಪು ನೋಡಿರುತ್ತೀರಿ. ಸುದ್ದಿಗೆ ಸಿಗುವ ದುಡ್ಡು ಬೈಕಿನ ಪೆಟ್ರೋಲಿಗೂ ಸಾಲದು ಅಂತ ನಾವು ಅಣ್ಣತಮ್ಮ ಸೇರಿ ಕೊಂಡದ್ದು. ಅಣ್ಣ ಬಾಡಿಗೆ ಹೊಡೆಯುತ್ತಾನೆ. ಓಣಿಯಲ್ಲಿ ಯಾರಿಗೇ ಹುಷಾರಿಲ್ಲದಿದ್ದರೂ ದಾಂಡೇಲಿಗೆ ಹೋಗುವುದು ಇದೇ ಗಾಡಿ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೊಂದು ಚಾಳಿ ಹತ್ತಿತು. ರಾತ್ರಿ ಸರಿಯಾಗಿ ಬಂದು ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದು. ಹ್ಯಾಂಡ್ ಪ್ರೈಮರ್ ಒತ್ತಿ ಗಾಳಿ ತೆಗೆದರೆ ದಿನವಿಡೀ ಓಡುತ್ತದೆ. ಮರುದಿನ ಮತ್ತೆ ಅದೇ ಕಥೆ. "ಏರ್ ತಗೋತೈತ್ರಿ" ಅಂದರು ಎಲ್ಲರೂ. ಎಲ್ಲಿಂದ ಅಂತ ಒಬ್ಬರೂ ಹೇಳಲಿಲ್ಲ. ಗಾಡಿಯ ಕೆಳಗೆ ಒಂದು ಹನಿ ಡೀಸೆಲ್ ಬಿದ್ದಿರಲಿಲ್ಲ.

ಸೋರಿಲ್ಲ ಅಂದಮೇಲೆ ಪೈಪು ಸರಿ ಇದೆ, ಇಂಜೆಕ್ಷನ್ ಪಂಪೇ ಹೋಗಿದೆ. ಇದು ನಮ್ಮದೇ ತೀರ್ಮಾನ, ಬೇರೆ ಯಾರ ಮೇಲೂ ಹಾಕುವುದಿಲ್ಲ. ಅವ್ವನ ಬೆಂಡೋಲೆ ಅಡವಿಟ್ಟು ಪಂಪು ಬಿಚ್ಚಿಸಿದೆವು. 14,000 ರೂಪಾಯಿ.

ಮೂರನೆಯ ದಿನ ಬೆಳಗಿನ ಜಾವ ಪಕ್ಕದ ಮನೆ ಅಜ್ಜನಿಗೆ ಎದೆನೋವು. ಅಣ್ಣ ಕೀಲಿ ತಿರುಗಿಸಿದ. ಇಂಜಿನ್ ತಿರುಗಿತೇ ಹೊರತು ಹತ್ತಲಿಲ್ಲ. ಬೇರೆ ಗಾಡಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಜ್ಜ ಉಳಿದರು. ಆದರೆ ಆ ಮುಕ್ಕಾಲು ಗಂಟೆ ಅವರ ಮನೆಯವರ ಮುಖ ನೋಡುವುದು ನಮ್ಮಿಂದ ಆಗಲಿಲ್ಲ.

ಕಾಲೊನಿಯ ಕಡೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಕಾಕಾ ಇದ್ದಾರೆ. ಅಂದೇ ಅವರ ಹತ್ತಿರ ಹೋದೆವು. ನಕ್ಕು ಹೇಳಿದರು: "ನಾಗಝರಿ ಪವರ್ ಹೌಸಿನ ಪೈಪ್ ನೋಡಿಯಿಲ್ಲೋ ತಮ್ಮಾ? ಅದರಾಗ ತೂತು ಬಿದ್ರ ನೀರು ಹೊರಗ ಚಿಮ್ಮತೈತಿ. ನಿಮ್ಮ ಗಾಡೀದು ಟ್ಯಾಂಕ್ ಕೆಳಗೈತಿ, ಫೀಡ್ ಪಂಪ್ ಮ್ಯಾಲಿಂದ ಎಳೀತೈತಿ. ಎಳಿಯೋ ಪೈಪಿಗೆ ತೂತು ಬಿದ್ರ ಡೀಸೆಲ್ ಹೊರಗ ಬರೂದಿಲ್ಲ, ಗಾಳಿ ಒಳಗ ಹೋಗತೈತಿ."

ಎಳನೀರಿನ ಸ್ಟ್ರಾ ಸೀಳಿದ್ದರೆ ಏನಾಗುತ್ತದೆ? ಅದೇ. ರಾತ್ರಿಯಿಡೀ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಹೋಗುತ್ತದೆ, ಪೈಪಿನಲ್ಲಿ ಗಾಳಿ ಉಳಿಯುತ್ತದೆ. ಇಂಥ ಹಳೆಯ ಇಂಜಿನ್ನಿನ ಇಂಜೆಕ್ಟರ್ ತೆರೆಯಲು ಸುಮಾರು 200 ಬಾರ್ ಒತ್ತಡ ಬೇಕು. ಗಾಳಿಯನ್ನು ಒತ್ತಿದರೆ ಅದು ಮುದುಡಿಕೊಳ್ಳುತ್ತದೆ, ಒತ್ತಡ ಏಳುವುದೇ ಇಲ್ಲ.

ಕಾಕಾ ಮೊದಲು ಟ್ಯಾಂಕಿನ ಪೈಪು ಬಿಡಿಸಿ, ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ ಎತ್ತರಕ್ಕೆ ಕಟ್ಟಿ ಫೀಡ್ ಪಂಪಿಗೆ ಕೊಟ್ಟರು. ಮರುದಿನ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್! ಫಿಲ್ಟರ್, ಪಂಪು ಎಲ್ಲೂ ಜಿನುಗಿರಲಿಲ್ಲ. ಹಾಗಾದರೆ ದೋಷ ಟ್ಯಾಂಕಿನ ಕಡೆಯೇ. ಹಳೆಯ ಪೈಪು ಮತ್ತೆ ಜೋಡಿಸಿ, ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿದರು. ಇಂಜಿನ್ ಓಡುತ್ತಿದ್ದಂತೆ ಅದರೊಳಗೆ ಸೋಡಾದ ಹಾಗೆ ಗುಳ್ಳೆಗಳು.

ಇನ್ನು ಜಾಗ ಹುಡುಕಬೇಕು. ಪೈಪಿನ ಎರಡೂ ತುದಿ ಬಿಡಿಸಿ, ಒಂದನ್ನು ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಮೆತ್ತಗೆ ಗಾಳಿ ಕೊಟ್ಟು, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿದರು. ಟ್ಯಾಂಕಿನ ಹತ್ತಿರದ ರಬ್ಬರ್ ಪೈಪು, ಕ್ಲಿಪ್ಪಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಮಗ್ಗುಲಲ್ಲಿ ನೊರೆ ಬಂತು. ಕೂದಲೆಳೆಯಷ್ಟು ಸೀಳು. ಹೊಸ ರಬ್ಬರ್ ಪೈಪು, ಎರಡು ಕ್ಲಿಪ್ಪು, 200 ರೂಪಾಯಿಯೊಳಗೆ ಮುಗಿಯಿತು. ಆಮೇಲೆ ಮೊದಲು ಫಿಲ್ಟರಿನ ಸ್ಕ್ರೂ, ನಂತರ ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಪ್ರೈಮರ್ ಒತ್ತಿದೆವು.

ಫಿಲ್ಟರ್ ಬದಲಿಸಿದ ಮೇಲೆ ಈ ಕಾಟ ಶುರುವಾಗಿದ್ದರೆ ಮೊದಲು ಅದರ ರಬ್ಬರ್ ರಿಂಗು, ತಾಮ್ರದ ವಾಷರ್ ನೋಡಿ. ಕಾಮನ್ ರೈಲ್ ಇರುವ ಹೊಸ ಗಾಡಿಯಾದರೆ ಇಂಜೆಕ್ಟರ್ ಪೈಪಿನ ನಟ್ಟು ಮುಟ್ಟಲೇಬೇಡಿ. ಅಲ್ಲಿ 1,000 ಬಾರ್‌ಗೂ ಮೀರಿದ ಒತ್ತಡ, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಬೆಂಡೋಲೆ ಇನ್ನೂ ಬಿಡಿಸಿಲ್ಲ. ಅಣ್ಣ ಈಗ ಬಾಡಿಗೆ ಇರಲಿ ಬಿಡಲಿ, ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಒಮ್ಮೆ ಕೀಲಿ ತಿರುಗಿಸುತ್ತಾನೆ. ಪಕ್ಕದ ಮನೆಯೊಳಗಿನಿಂದ ಅಜ್ಜ ಕೇಳುತ್ತಾರೆ: "ಹತ್ತಿತೇನೋ?"